ಮರಳಿದವರ ವಾರ್ಡು

ಹಾಲ್ವಿಕ್ ನಗರದಲ್ಲಿ ನರ್ಸ್ ಆಗಬೇಕೆಂದರೆ ಮೊದಲು ಸತ್ತವರೊಬ್ಬರನ್ನು ಹನ್ನೆರಡು ದಿನ ನೋಡಿಕೊಳ್ಳಬೇಕಿತ್ತು.

ಸುಭದ್ರಾ ಮುಳಗುಂದ ಈ ಮಾತನ್ನು ಮೊದಲು ಕೇಳಿದಾಗ, ಹೊಸ ಭಾಷೆ ಇನ್ನೂ ಕಿವಿಗೆ ಹತ್ತಿಲ್ಲ, ತಾನೇ ಏನೋ ತಪ್ಪು ಕೇಳಿಸಿಕೊಂಡೆ ಎಂದುಕೊಂಡಳು. ಗದಗಿನಲ್ಲಿ ಹನ್ನೊಂದು ವರ್ಷ ನರ್ಸ್ ಆಗಿ ದುಡಿದವಳು ಆಕೆ. ರಕ್ತನಾಳ ಸಿಗದ ಕೂಸುಗಳಿಗೆ ಸಲೈನ್ ಹಚ್ಚಲು ಡಾಕ್ಟರುಗಳೇ ಆಕೆಯನ್ನು ಕೂಗುತ್ತಿದ್ದರು. ಆದರೆ ಉತ್ತರ ಸಮುದ್ರದ ದಂಡೆಯ ಈ ನಾಡಿಗೆ ಬಂದ ಮೇಲೆ ಕಾಯಿದೆಯ ಕಣ್ಣಿನಲ್ಲಿ ಆಕೆ ನರ್ಸ್ ಅಲ್ಲ. ವೃದ್ಧಾಶ್ರಮದಲ್ಲಿ ಮುದುಕರಿಗೆ ಉಣಿಸಬಹುದು, ಮೈ ಒರೆಸಬಹುದು. ಸೂಜಿ ಮುಟ್ಟುವ ಹಾಗಿಲ್ಲ. ಎರಡು ವರ್ಷ ಭಾಷೆಯ ಪರೀಕ್ಷೆ, ಬರವಣಿಗೆಯ ಪರೀಕ್ಷೆ, ಊರಿನಿಂದ ತರಿಸಿದ ಕಾಗದಗಳ ಮೇಲೆ ಮೊಹರು, ಆ ಮೊಹರಿನ ಮೇಲೆ ಇನ್ನೊಂದು ಮೊಹರು. ಎಲ್ಲ ಮುಗಿದು ಕೊನೆಗೆ ಉಳಿದದ್ದು ಈ ಹನ್ನೆರಡು ದಿನ. ಒಂದೇ ಅವಕಾಶ. ದಾಟದಿದ್ದರೆ ಶರತ್ಕಾಲದ ಹೊತ್ತಿಗೆ ಗಂಡನೊಂದಿಗೆ ದೇಶ ಬಿಡಬೇಕು.

ಪರೀಕ್ಷಾ ಕೇಂದ್ರದ ಹಿರಿಯ ಪರೀಕ್ಷಕಿ ಮಾರಿಟ್, ಐವತ್ತು ದಾಟಿದ, ನೀಟಾಗಿ ಕೂದಲು ಕತ್ತರಿಸಿಕೊಂಡ ಹೆಂಗಸು. ಆಕೆಯೇ ಎಲ್ಲವನ್ನೂ ವಿವರಿಸಿದಳು. ಇಲ್ಲಿನ ಕೆಲವರು ಸಾಯುವ ಮುನ್ನ ಒಪ್ಪಿಗೆ ಬರೆದುಕೊಟ್ಟಿರುತ್ತಾರೆ. ಅವರ ಕೊನೆಯ ದಿನಗಳಲ್ಲಿ ಮೈತುಂಬ ಕೂದಲೆಳೆಯಂಥ ತಂತಿಗಳನ್ನು ಅಂಟಿಸಿ ನಾಡಿ, ಉಸಿರು, ಬೆವರು, ನೋವು, ಮಾತು ಎಲ್ಲವನ್ನೂ ಕ್ಷಣಕ್ಷಣವೂ ದಾಖಲು ಮಾಡುತ್ತಾರೆ. ಆಮೇಲೆ ಅದೇ ಎತ್ತರ, ಅದೇ ತೂಕ, ಅದೇ ಮುಖದ ಒಂದು ದೇಹ ಮಾಡಿ, ಅದರೊಳಗೆ ಆ ದಿನಗಳನ್ನು ಮತ್ತೆ ಹರಿಯಬಿಡುತ್ತಾರೆ.

"ನೀವು ಮಾಡುವುದಕ್ಕೆ ದೇಹ ಉತ್ತರ ಕೊಡುತ್ತದೆ" ಎಂದಳು ಮಾರಿಟ್. "ನೀರು ಕೊಡದಿದ್ದರೆ ನಾಲಿಗೆ ಒಣಗುತ್ತದೆ. ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಬದಲಾಗದೆ ಇರುವುದು ಒಂದೇ. ಹನ್ನೆರಡನೆಯ ದಿನ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಹೃದಯ ನಿಲ್ಲುತ್ತದೆ. ಆಗ ನಿಂತಿತ್ತು, ಈಗಲೂ ನಿಲ್ಲುತ್ತದೆ. ಅಂದು ನೋಡಿಕೊಂಡ ನರ್ಸಿನ ದಾಖಲೆಗೆ ನಿಮ್ಮ ಕೆಲಸ ಎಷ್ಟು ಹತ್ತಿರ ಬರುತ್ತದೋ ಅಷ್ಟು ಅಂಕ."

ಕಾಗದದಲ್ಲಿ ಅವರ ಹೆಸರು ಪಾಠದ ರೋಗಿಗಳು. ಕೇಂದ್ರದ ಆಯಾಗಳು ಮಾತ್ರ, ದನಿ ತಗ್ಗಿಸಿ, 'ಮರಳಿದವರು' ಎನ್ನುತ್ತಿದ್ದರು.

ಸುಭದ್ರಾಳಿಗೆ ಸಿಕ್ಕಿದ್ದು ಹದಿನಾಲ್ಕನೆಯ ಕೋಣೆಯ ಓಡ್ವಾರ್. ಎಪ್ಪತ್ತೊಂದು ವರ್ಷ, ದೋಣಿ ನಡೆಸುತ್ತಿದ್ದವನು, ಸೊಂಟದ ಮೂಳೆ ಮುರಿದು ಆಪರೇಶನ್ ಆದವನು. ಸತ್ತು ಒಂಬತ್ತು ವರ್ಷ. ಜೂನ್ ತಿಂಗಳು, ಸೂರ್ಯ ಮುಳುಗುವುದನ್ನೇ ಮರೆತ ಕಾಲ. ಕೋಣೆಯೊಳಗೆ ಯಾವ ಹೊತ್ತಿಗೂ ಒಂದೇ ಬಿಳಿ ಬೆಳಕು. ಆಕೆ ಮಣಿಕಟ್ಟು ಹಿಡಿದಳು. ಬೆಚ್ಚಗಿತ್ತು. ಎಪ್ಪತ್ತೆಂಟು ಬಡಿತ. ಚರ್ಮದ ಮೇಲೆ ಮುದಿತನದ ಕಂದು ಚುಕ್ಕೆಗಳು, ಉಗುರಿನಲ್ಲಿ ಹಳೆಯ ಬಿರುಕು. ರಬ್ಬರಿನ ವಾಸನೆ ಮಾತ್ರ ತೀರ ಹತ್ತಿರ ಬಗ್ಗಿದರೆ ತಿಳಿಯುವಷ್ಟು.

ಮುದುಕ ಕಣ್ಣು ತೆರೆದು ಆಕೆಯನ್ನು ಬಹಳ ಹೊತ್ತು ನೋಡಿದ.

"ಮತ್ತೆ ಬಂದೆಯಾ?" ಎಂದ.

ಸುಭದ್ರಾ ಹಿಡಿದಿದ್ದ ಮಣಿಕಟ್ಟನ್ನು ಬಿಟ್ಟುಬಿಟ್ಟಳು. ಕೋಣೆಯ ಗಾಜಿನ ಗೋಡೆಯಾಚೆ ಕುಳಿತಿದ್ದ ಮಾರಿಟ್ ತಲೆ ಎತ್ತಲಿಲ್ಲ.

"ನಾನು ಇವತ್ತೇ ಬಂದಿದ್ದೀನಿ" ಎಂದಳು ಸುಭದ್ರಾ. "ನನ್ನ ಹೆಸರು ಸುಭದ್ರಾ."

"ಹೌದು ಹೌದು" ಎಂದು ಆತ ಕಣ್ಣು ಮುಚ್ಚಿದ, ಮಕ್ಕಳ ಸುಳ್ಳನ್ನು ನಂಬಿದಂತೆ ಮಾಡುವ ಹಿರಿಯರ ಹಾಗೆ.

ಸಂಜೆ ಮನೆಗೆ ಬಂದರೆ ಗಂಡ ಗುರುಪಾದ ಅನ್ನಕ್ಕೆ ಇಟ್ಟಿದ್ದ. ಊರಿನಲ್ಲಿ ಸಾಲೆಯ ಚಿತ್ರಕಲಾ ಮಾಸ್ತರನಾಗಿದ್ದವನು ಇಲ್ಲಿ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಗೆ ಹೋಗುತ್ತಿದ್ದ. ಎಷ್ಟು ತೊಳೆದರೂ ಬೆರಳಿನ ವಾಸನೆ ಹೋಗುತ್ತಿರಲಿಲ್ಲ.

"ಹೆಂಗಿತ್ತು ನಿನ್ನ ಹೆಣ?" ಎಂದು ಕೇಳಿದ.

"ಹಂಗ ಅನಬ್ಯಾಡ್ರಿ. ಮೈ ಬೆಚ್ಚಗ ಐತಿ. ಮಾತಾಡ್ತಾರ."

"ಮಾತಾಡಿದ್ರೇನಾತು, ರೇಡಿಯೋನೂ ಮಾತಾಡ್ತೈತಿ." ಆಮೇಲೆ ಆಕೆಯ ಮುಖ ನೋಡಿ ಮೆತ್ತಗಾದ. "ಹನ್ನೆರಡು ದಿನ ಹಲ್ಲು ಕಚ್ಚಿ ಮುಗಿಸಿಬಿಡು, ಸುಭದ್ರಾ. ಅವರು ಏನ್ ಬರದಿಟ್ಟಾರೋ ಅದನ್ನ ಮಾಡಿ ಬಾ."

ಆಕೆ ಹಾಗೇ ಮಾಡಿದಳು. ಮೂರು ದಿನ ಅಂಕ ಚೆನ್ನಾಗಿಯೇ ಬಂದವು. ನಾಲ್ಕನೆಯ ದಿನ ಗಾಯದಿಂದ ರಕ್ತ ಜಿನುಗಿತು, ದಾಖಲೆಯಲ್ಲಿ ಇದ್ದ ಹಾಗೆಯೇ. ಆಪರೇಶನ್ ಆದವರಿಗೆ ರಕ್ತ ಹೆಪ್ಪುಗಟ್ಟದಿರಲೆಂದು ದಿನವೂ ಹೊಟ್ಟೆಯ ಚರ್ಮಕ್ಕೆ ಒಂದು ಸೂಜಿ ಕೊಡುತ್ತಾರೆ. ಡಾಕ್ಟರ್ ಅದನ್ನು ತಡೆದು, 'ಎರಡು ದಿನ ಬೇಡ, ಆಮೇಲೆ ನನ್ನನ್ನು ಕೇಳಿ' ಎಂದು ಬರೆದಿದ್ದರು. ಆರನೆಯ ದಿನ ಗಾಯ ಒಣಗಿತ್ತು. ಡಾಕ್ಟರನ್ನು ಕೇಳಲು ಸುಭದ್ರಾ ಗೋಡೆಯ ಗುಂಡಿ ಒತ್ತಿದಳು, "ಸೂಜಿ ಮತ್ತೆ ಶುರು ಮಾಡಲೇ?"

ಯಂತ್ರದ ದನಿ ಹೇಳಿತು, "ದಾಖಲೆಯಂತೆ ಮುಂದುವರಿಯಿರಿ."

ದಾಖಲೆಯಲ್ಲಿ ಸೂಜಿ ಇರಲಿಲ್ಲ. ಒಂಬತ್ತು ವರ್ಷದ ಹಿಂದೆ, ಆ ಆರನೆಯ ದಿನ, ಯಾರೂ ಡಾಕ್ಟರನ್ನು ಕೇಳಿರಲಿಲ್ಲ. ಕೇಳದ ಪ್ರಶ್ನೆಗೆ ಯಂತ್ರದ ಹೊಟ್ಟೆಯಲ್ಲಿ ಉತ್ತರ ಎಲ್ಲಿಂದ ಬರಬೇಕು? ಸುಭದ್ರಾ ಸುಮ್ಮನಾದಳು. ಸೂಜಿಯೊಂದನ್ನು ಬಿಟ್ಟು ಅಂದಿನ ಉಳಿದ ಕೆಲಸ ಮುಗಿಸಿದಳು.

ಎಂಟನೆಯ ದಿನ ಮೈ ಒರೆಸಲು ಹೊದಿಕೆ ಸರಿಸಿದಾಗ ಮುದುಕ ಎಡಗಾಲನ್ನು ಗಪ್ಪನೆ ಒಳಗೆ ಎಳೆದುಕೊಂಡ. ಆಕೆಯ ಬಾಯಿಂದ ತನಗೆ ಅರಿವಿಲ್ಲದೆಯೇ ಊರಿನ ಮಾತು ಬಂತು. "ಎಲ್ಲಿ ಬ್ಯಾನಿ ಆಗಾಕತ್ತೈತ್ರಿ, ಅಜ್ಜಾರ?"

ಆತ ಎರಡೂ ಕೈಯಿಂದ ಎಡಗಾಲಿನ ಮೀನಖಂಡ ಹಿಡಿದುಕೊಂಡ. ಆಮೇಲೆ ಆಕೆಯ ಮುಂಗೈ ಹಿಡಿದು ಅಲ್ಲಿಗೇ ಒತ್ತಿದ. ಕಾಲು ಬಿಸಿಯಾಗಿತ್ತು, ಬಿಗಿದಿತ್ತು. ಟೇಪು ತಂದು ಅಳೆದಳು. ಬಲಗಾಲಿಗಿಂತ ಮೂರು ಸೆಂಟಿಮೀಟರ್ ಹೆಚ್ಚು.

ಹೊಸ ನರ್ಸಿಗೂ ಗೊತ್ತಿರುವ ಚಿಹ್ನೆ ಅದು. ಕಾಲಿನಲ್ಲಿ ರಕ್ತ ಗಡ್ಡೆಕಟ್ಟಿದೆ. ಅದು ಕಳಚಿಕೊಂಡು ಮೇಲೇರಿ ಶ್ವಾಸಕೋಶಕ್ಕೆ ಹೋಗಿ ಕೂತರೆ ಮನುಷ್ಯ ಮಾತಾಡುತ್ತಾ ಆಡುತ್ತಾ ಹೋಗಿಬಿಡುತ್ತಾನೆ. ಓಡ್ವಾರ್ ಸತ್ತ ಕಾರಣದ ಎದುರು ಕಾಗದದಲ್ಲಿ ಇದ್ದದ್ದು ಇಷ್ಟೇ: 'ವಯಸ್ಸು, ದುರ್ಬಲ ಹೃದಯ.'

ಮಧ್ಯಾಹ್ನ ಆಕೆ ನಿಯಂತ್ರಣ ಕೋಣೆಗೆ ಹೋದಳು. ಯಂತ್ರ ನೋಡಿಕೊಳ್ಳುವ ಯೋಹಾನ್ ಪರದೆಯ ಮುಂದೆ ರೊಟ್ಟಿ ತಿನ್ನುತ್ತಾ ಕೂತಿದ್ದ. ಪರದೆಯ ಮೇಲೆ ಎರಡು ಗೆರೆ: ನೀಲಿಯದು ಒಂಬತ್ತು ವರ್ಷದ ಹಿಂದಿನ ಓಡ್ವಾರ್, ಕೆಂಪಿನದು ಈಗಿನವನು.

"ಅಂದು ಎಂಟನೆಯ ದಿನ ಇವರು ಕಾಲು ಎಳೆದುಕೊಂಡಿದ್ದರೇ?" ಎಂದು ಕೇಳಿದಳು.

ಯೋಹಾನ್ ದಾಖಲೆ ಹಿಂದಕ್ಕೆ ಓಡಿಸಿದ. "ಇಲ್ಲ. ನೋವು ಇತ್ತು, ನೋಡಿ, ನೀಲಿ ಗೆರೆ ಏರಿದೆ. ಆದರೆ ಆತ ಅಲುಗಾಡಲಿಲ್ಲ, ಹೇಳಲೂ ಇಲ್ಲ. ಸಮುದ್ರದ ಮೇಲೆ ಬೆಳೆದ ಹಳಬರು ಹಾಗೆಯೇ."

"ಮತ್ತೆ ಈಗ ಯಾಕೆ?"

ಅವನು ರೊಟ್ಟಿ ಕೆಳಗಿಟ್ಟ. "ನಿಮಗಿಂತ ಮೊದಲು ನಲವತ್ತು ಅಭ್ಯರ್ಥಿಗಳು ಇವರನ್ನು ನೋಡಿಕೊಂಡಿದ್ದಾರೆ. ಒಬ್ಬೊಬ್ಬರು ಹೋದ ಮೇಲೆ ಹೆಸರು, ಮಾತುಕತೆ ಎಲ್ಲ ಅಳಿಸುತ್ತೇವೆ. ದೇಹ ಕಲಿತದ್ದನ್ನು ಅಳಿಸುವುದಿಲ್ಲ. ಅದನ್ನು ಮತ್ತೆ ಕಲಿಸಲು ತಿಂಗಳುಗಟ್ಟಲೆ ಬೇಕು." ಸ್ವಲ್ಪ ತಡೆದು, ಬಾಗಿಲಿನ ಕಡೆ ಒಮ್ಮೆ ನೋಡಿ ಹೇಳಿದ, "ಮೊದಲ ಹತ್ತು ಜನರ ಹೊತ್ತಿಗೆ ಕಾಲ್ಬೆರಳು ಮಾತ್ರ ಅಲುಗುತ್ತಿತ್ತು. ಸಲಸಲಕ್ಕೂ ಹೆಚ್ಚಾಗಿದೆ. ಕೈಯಿಂದ ತೋರಿಸಿದ್ದು ಇದೇ ಮೊದಲು."

"ಸೂಜಿ ಬಗ್ಗೆ ಕೇಳಿದವಳು ನಾನೊಬ್ಬಳೇ?"

"ಅಲ್ಲ. ನಲವತ್ತರಲ್ಲಿ ಮೂವತ್ತೆರಡು ಜನ ಕೇಳಿದ್ದಾರೆ."

ಮೂವತ್ತೆರಡು ಜನ. ಮನಿಲಾದಿಂದ ಬಂದವರು, ಕೊಟ್ಟಾಯಂನಿಂದ, ನೈರೋಬಿಯಿಂದ. ಎಲ್ಲರೂ ಕೇಳಿ, ಯಂತ್ರದ ಉತ್ತರ ಕೇಳಿಸಿಕೊಂಡು, ತಮ್ಮ ಮನೆಮಂದಿಯನ್ನು ನೆನೆದು ಸುಮ್ಮನಾಗಿದ್ದರು. ತನ್ನ ಹಾಗೆಯೇ.

ಅಂದಿನ ನರ್ಸ್ ಯಾರೆಂದು ನೋಡಲು ಸುಭದ್ರಾ ಹಾಳೆಯ ಕೊನೆಗೆ ಹೋದಳು. ಪ್ರತಿ ದಿನದ ಕೆಳಗೂ ಒಂದೇ ಸಹಿ. ಪ್ರವೇಶಪತ್ರದ ಮೇಲೆ, ಅಂಕಪಟ್ಟಿಯ ಮೇಲೆ ಎರಡು ವಾರದಿಂದ ಆಕೆ ನೋಡುತ್ತಿದ್ದ ಅದೇ ಸಹಿ. ಮಾರಿಟ್‌ಳದು.

ಆ ಸಂಜೆ ಊಟದ ತಟ್ಟೆಯ ಮುಂದೆ ಆಕೆ ಗಂಡನಿಗೆ ಎಲ್ಲ ಹೇಳಿದಳು. ಗುರುಪಾದ ತುತ್ತು ಬಾಯಿಗಿಡದೆ ಕೇಳಿದ.

"ಅಲ್ಲ, ಸತ್ತು ಒಂಬತ್ತು ವರ್ಷ ಆಗೈತಿ. ಅಂವಗ ಔಷಧ ಕೊಡಲಿಲ್ಲಂತ ನೀ ಲೈಸೆನ್ಸ್ ಕಳಕೋತೀ ಏನು? ಅದೂ ಅಂಕ ಹಾಕೂ ಹೆಣ್ಮಗಳಿಗೇ ಹೋಗಿ 'ನಿಮ್ಮ ಕೈಯಾಗ ಸತ್ತಾರ' ಅಂತ ಹೇಳ್ತೀ?"

"ಅಂವಾ ನನ್ನ ಕೈ ಹಿಡದು ಕಾಲಿನ ಮ್ಯಾಲ ಇಟ್ಟಾನ್ರಿ."

"ಯಂತ್ರ ಅದು!"

"ಯಂತ್ರಕ್ಕ ಯಾರು ಹೇಳಿಕೊಟ್ಟಾರ ಹಂಗ ಮಾಡಂತ? ಯಾರೂ ಹೇಳಿಲ್ಲ. ಅದಕ್ಕ ನನಗ ಅಂಜಿಕಿ."

ಗುರುಪಾದ ತಟ್ಟೆ ಪಕ್ಕಕ್ಕೆ ಸರಿಸಿದ. ಕಿಟಕಿಯಾಚೆ ಬಿಳಿ ಬೆಳಕು ಕದಲದೆ ನಿಂತಿತ್ತು. "ನನಗ ಇದು ತಿಳಿಯಂಗಿಲ್ಲ" ಎಂದ ಕೊನೆಗೆ. "ಆದ್ರ ನಾಳೆ ನಾ ಹಾಸಿಗಿ ಹಿಡದ್ರ, ನೋಡಾಕ ನಿನ್ನಂಥಾಕೀನ ಇರಬೇಕು. ಹೋಗು, ಹೇಳು."

ಒಂಬತ್ತನೆಯ ದಿನ ಬೆಳಿಗ್ಗೆ ಆಕೆ ಮಾರಿಟ್‌ಳ ಮೇಜಿನ ಮೇಲೆ ಅಳತೆಯ ಚೀಟಿ ಇಟ್ಟಳು. ಬರೆದುಕೊಂಡು ಬಂದ ವಾಕ್ಯಗಳನ್ನು ಓದಿದಳು, ನಾಲಿಗೆ ಎಡವದಿರಲೆಂದು.

ಮಾರಿಟ್ ಚೀಟಿ ಮುಟ್ಟಲಿಲ್ಲ. "ಇದು ಯಾರಿಗಾಗಿ, ಸುಭದ್ರಾ? ಆತ ಸತ್ತಿದ್ದಾನೆ."

"ನನಗೆ ಗೊತ್ತು."

"ನೀವು ಒಳಗೆ ಹೋಗಿ ದಾಖಲೆಯಂತೆ ಮುಂದುವರಿದರೆ ಈ ಮಾತು ಆಗಿಯೇ ಇಲ್ಲ."

"ಮುಂದುವರಿಯುತ್ತೇನೆ. ಆದರೆ ಕಾಲಿನ ಅಳತೆಯನ್ನು ದಿನವೂ ಎರಡು ಸಲ ಬರೆಯುತ್ತೇನೆ. ಸೂಜಿಯ ಬಗ್ಗೆ ದಿನವೂ ಕೇಳುತ್ತೇನೆ. ಉತ್ತರ ಬರಲಿಲ್ಲ ಎಂದು ಬರೆದು ಸಹಿ ಹಾಕುತ್ತೇನೆ. ನರ್ಸ್ ಮಾಡಬಹುದಾದದ್ದು ಇಷ್ಟೇ, ಇಷ್ಟನ್ನೂ ಮಾಡದಿದ್ದರೆ ನಿಮ್ಮ ಲೈಸೆನ್ಸ್ ತೆಗೆದುಕೊಂಡು ನಾನೇನು ಮಾಡಲಿ?"

ಮಾರಿಟ್‌ಳ ಮುಖದಲ್ಲಿ ಸಿಟ್ಟು ಬರುತ್ತದೆಂದು ಕಾದಳು. ಬರಲಿಲ್ಲ. ಆಕೆ ಕಿಟಕಿಯ ಕಡೆ ತಿರುಗಿದಳು, ಅಷ್ಟೇ.

ಆ ದಿನದ ಅಂಕಪಟ್ಟಿ ಖಾಲಿ ಬಂತು. ಮರುದಿನ ಮಧ್ಯಾಹ್ನ ಹದಿನಾಲ್ಕನೆಯ ಕೋಣೆಯ ಬಾಗಿಲು ತೆರೆದು, ಏಪ್ರನ್ ಕಟ್ಟಿಕೊಂಡು ಮಾರಿಟ್ ಒಳಗೆ ಬಂದಳು. ಒಂಬತ್ತು ವರ್ಷದಲ್ಲಿ ಆಕೆ ಗಾಜು ದಾಟಿ ಬಂದದ್ದು ಅದೇ ಮೊದಲು ಎಂದು ಆಯಾಗಳು ಆಮೇಲೆ ಹೇಳಿದರು. ಕೈ ತೊಳೆದಳು. ಹೊದಿಕೆ ಸರಿಸಿ ಮೀನಖಂಡದ ಮೇಲೆ ಬೆರಳಿಟ್ಟಳು.

ಮುದುಕ ಆಕೆಯ ಮುಖ ನೋಡಿದವನೇ ಕಾಲು ಎಳೆದುಕೊಳ್ಳುವುದನ್ನು ನಿಲ್ಲಿಸಿದ. ಏನೂ ಆಗಿಲ್ಲ ಎಂಬಂತೆ ನಕ್ಕ. ಅಂದಿನ ದಾಖಲೆಯ ನಗೆಯೇ ಇರಬೇಕು ಅದು.

"ಆ ವಾರ ವಾರ್ಡಿನಲ್ಲಿ ಮೂವತ್ತು ಜನರಿಗೆ ಇಬ್ಬರೇ ಇದ್ದೆವು" ಎಂದಳು ಮಾರಿಟ್, ಯಾರಿಗೂ ಅಲ್ಲವೆಂಬಂತೆ. "ಕೇಳಬೇಕು ಎಂದು ಅಂಗೈ ಮೇಲೆ ಬರೆದುಕೊಂಡಿದ್ದೆ. ಕೈ ತೊಳೆದೆ, ಅಕ್ಷರ ಹೋಯಿತು. ಅಷ್ಟೇ ಆದದ್ದು."

ಆಕೆ ಗುಂಡಿ ಒತ್ತಿ ಯೋಹಾನನಿಗೆ ಹೇಳಿದಳು, "ಸಾವಿನ ಹೊತ್ತಿಗೆ ಹಾಕಿರುವ ಬೀಗ ತೆಗೆ. ಡಾಕ್ಟರ್ ಆದೇಶ ಈಗಲೇ ತರುತ್ತೇನೆ. ಪೂರ್ತಿ ಪ್ರಮಾಣದ ಸೂಜಿ ಶುರು ಮಾಡುತ್ತೇವೆ."

"ಬೀಗ ತೆಗೆದರೆ ಹನ್ನೊಂದು ಇಪ್ಪತ್ತರ ನಂತರ ದಾಖಲೆಯೇ ಇಲ್ಲ, ಮಾರಿಟ್" ಎಂದಿತು ಅವನ ದನಿ. "ಅವನು ಏನಾಗುತ್ತಾನೋ ನನಗೆ ಗೊತ್ತಿಲ್ಲ."

"ತೆಗೆ."

ಆದೇಶ ತಂದು ಸೂಜಿಯನ್ನು ಆಕೆಯೇ ಕೊಟ್ಟಳು. ಸುಭದ್ರಾ ಚರ್ಮ ಹಿಡಿದುಕೊಟ್ಟಳು.

ಹನ್ನೆರಡನೆಯ ದಿನ ಬೆಳಿಗ್ಗೆ ಮೂವರೂ ಇದ್ದರು, ಯೋಹಾನ್ ಗಾಜಿನಾಚೆ. ಹನ್ನೊಂದು ಇಪ್ಪತ್ತಕ್ಕೆ ಅಲ್ಲಿನ ಪರದೆಯ ಮೇಲೆ ನೀಲಿ ಗೆರೆ ನೆಲಕ್ಕೆ ಬಿತ್ತು. ಕೆಂಪು ಗೆರೆ ನಡೆಯುತ್ತಲೇ ಇತ್ತು. ಇಪ್ಪತ್ತೊಂದು. ಇಪ್ಪತ್ತೈದು. ಮುದುಕನ ಉಸಿರು ಮೊದಲಿನ ಹಾಗೆಯೇ ಇತ್ತು. ಸಂತೋಷ ಪಡಬೇಕೋ ಓಡಿಹೋಗಬೇಕೋ ಸುಭದ್ರಾಳಿಗೆ ತಿಳಿಯಲಿಲ್ಲ. ಆತನ ಕಣ್ಣು ಬದಲಾಗಿದ್ದವು. ಅದುವರೆಗೆ ಎಲ್ಲಿ ನೋಡಬೇಕೆಂದು ಗೊತ್ತಿದ್ದ ಕಣ್ಣು ಈಗ ಚಾವಣಿಯಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ, ಮೊದಲ ಸಲ ಊರು ನೋಡುವವರಂತೆ ಅಲೆಯತೊಡಗಿದವು. ತುಟಿ ಅಲುಗಿತು. ಮಾತು ಬರಲಿಲ್ಲ.

ಮಾತು ಬಂದದ್ದು ಮರುದಿನ. ಆತನ ನಾಡಿನ ಮಾತಲ್ಲ ಅದು. ಮಲಯಾಳದಲ್ಲಿ ಏನೋ ಕೇಳಿದ. ಒಂದು ಗಳಿಗೆ ಬಿಟ್ಟು ಸುಭದ್ರಾಳಿಗೆ ತಿಳಿಯದ ಇನ್ನೊಂದು ಭಾಷೆ. ಮನಿಲಾದಿಂದ ಬಂದ ಆಯಾ ಒಬ್ಬಳು ತನ್ನ ಭಾಷೆ ಕೇಳಿ ಬಕೆಟ್ಟನ್ನು ಅಲ್ಲೇ ಬಿಟ್ಟು ಹೊರಗೆ ಓಡಿದಳು. ಯೋಹಾನ್ ಇಡೀ ದಿನ ತಲೆ ಕೆಡಿಸಿಕೊಂಡು ಸಂಜೆ ಹೇಳಿದ: "ಅವನದು ಎಂಬುದೆಲ್ಲ ದಾಖಲೆಯಲ್ಲಿತ್ತು, ಅದು ಮುಗಿಯಿತು. ಈಗ ಉಳಿದಿರುವುದು ನಲವತ್ತೊಂದು ನರ್ಸುಗಳು ಇವನ ಮೈಯಲ್ಲಿ ಬಿಟ್ಟುಹೋದದ್ದು ಮಾತ್ರ. ಅಳಿಸಿದೆವು ಅಂದುಕೊಂಡಿದ್ದೆವು."

ನಾಲ್ಕು ದಿನ ಹಾಗೆ ನಡೆಯಿತು. ಕೇಂದ್ರದವರು ಸಭೆ ಸೇರಿ, ಆತನನ್ನು ನಿಲ್ಲಿಸುವುದೇ ಸರಿ ಎಂದರು. ಮಾರಿಟ್ ಬರೆದುಕೊಟ್ಟ ಹೇಳಿಕೆ ಎಲ್ಲರ ಕೈಗೂ ಹೋಯಿತು. ದಾಖಲೆಯೇ ತಪ್ಪು ಎಂದಾದ ಮೇಲೆ ಸುಭದ್ರಾಳಿಗೆ ಯಾವ ಅಳತೆಯಿಂದ ಅಂಕ ಹಾಕುವುದು? ಹೊರಗಿನ ಇಬ್ಬರು ಪರೀಕ್ಷಕರು ಬಂದು ಆಕೆಯ ಬರಹಗಳನ್ನು ಒಂದೊಂದೇ ಓದಿದರು. ಐದನೆಯ ದಿನ ಬೆಳಿಗ್ಗೆ ಲೈಸೆನ್ಸ್ ಬಂತು. ಅದೇ ಲಕೋಟೆಯಲ್ಲಿ ಮೊದಲ ಕೆಲಸದ ಆದೇಶವೂ ಇತ್ತು: ಹದಿನಾಲ್ಕನೆಯ ಕೋಣೆ. ಪಾಠ ಮುಗಿದ ಮೇಲೂ ಮುಗಿಯದ ರೋಗಿಯನ್ನು ನಿಲ್ಲಿಸುವುದಕ್ಕೆ ನಿಯಮವೇ ಇರಲಿಲ್ಲ. ಕೊನೆಗೆ, ಬದುಕಿದ್ದವರಿಗೆ ಇರುವ ನಿಯಮವನ್ನೇ ಹಿಡಿದರು. ಮನೆಯವರ ಒಪ್ಪಿಗೆ, ಲೈಸೆನ್ಸ್ ಇರುವ ಒಬ್ಬ ನರ್ಸಿನ ಸಹಿ.

ಓಡ್ವಾರ್‌ನ ಹೆಂಡತಿ ಆಸ್ತ್ರಿಡ್ ಮಧ್ಯಾಹ್ನ ಬಂದಳು. ಎಪ್ಪತ್ತೆಂಟರ ಮುದುಕಿ, ಕೈಯಲ್ಲಿ ಕೋಲು. ನಡೆದದ್ದೆಲ್ಲ ಪತ್ರದಲ್ಲಿ ತಿಳಿಸಿದ್ದರು, ನರ್ಸಿನ ಹೆಸರೊಂದನ್ನು ಬಿಟ್ಟು. ಬಾಗಿಲಲ್ಲಿ ನಿಂತು ಆಕೆ ಮಂಚದ ಕಡೆ ನೋಡಿದಳು. ಮುಖ ಬಿಗಿಯಿತು.

"ಇದು ನನ್ನ ಗಂಡ ಅಲ್ಲ" ಎಂದಳು. ಆದರೂ ಬಂದು ಕುರ್ಚಿಯಲ್ಲಿ ಕೂತಳು. "ಇವನಿಗೆ ನೋವಾಗುತ್ತಿದೆಯೇ?"

ಸುಭದ್ರಾ ನಾಡಿ ನೋಡಿದಳು, ಮುಖ ನೋಡಿದಳು, ಕಾಲು ಮುಟ್ಟಿದಳು. "ಇಲ್ಲ ಅಮ್ಮ. ಈಗ ಇಲ್ಲ."

ಆಗ ಮುದುಕ ತಲೆ ಹೊರಳಿಸಿದ. ಅಲೆಯುತ್ತಿದ್ದ ಕಣ್ಣು ಹೆಂಡತಿಯ ಮುಖದ ಮೇಲೆ ನಿಂತವು. ಗುರುತಿನ ಸುಳಿವೇ ಇರಲಿಲ್ಲ ಅವುಗಳಲ್ಲಿ. ಕೈ ಚಾಚಿ ಆಕೆಯ ಮುಂಗೈ ಹಿಡಿದು, ಗದಗಿನ ಮಾತಿನಲ್ಲಿ, ಗದಗಿನ ರಾಗದಲ್ಲಿ ಕೇಳಿದ:

"ಎಲ್ಲಿ ಬ್ಯಾನಿ ಆಗಾಕತ್ತೈತ್ರಿ, ಅಜ್ಜಾರ?"

ಎಂಟನೆಯ ದಿನ ಸುಭದ್ರಾ ಆಡಿದ್ದ ಅದೇ ಮಾತು. ಮುದುಕಿ ಆಕೆಯ ಕಡೆ ತಿರುಗಿದಳು. "ಏನನ್ನುತ್ತಿದ್ದಾನೆ?"

"ಎಲ್ಲಿ ನೋವಾಗುತ್ತಿದೆ ಎಂದು ಕೇಳುತ್ತಿದ್ದಾರೆ. ನನ್ನ ಭಾಷೆ."

"ನನಗೇ?"

"ನಿಮಗೇ."

ಆಸ್ತ್ರಿಡ್ ಆ ಕೈ ಬಿಡಿಸಿಕೊಳ್ಳಲಿಲ್ಲ. ತನ್ನ ಕಾಲಿನ ಕಡೆ ನೋಡಿ, "ಮಂಡಿ" ಎಂದಳು. "ಎಡಗಡೆಯದು. ಮೆಟ್ಟಿಲು ಇಳಿಯುವಾಗ." ಅಷ್ಟು ಹೇಳಿದ್ದೇ ತಡ, ಕೋಲು ಕೈಜಾರಿ ನೆಲಕ್ಕೆ ಬಿತ್ತು. ಮುದುಕ ಕೇಳಿಸಿಕೊಳ್ಳುವವನಂತೆ ತಲೆಯಾಡಿಸುತ್ತಿದ್ದ.

ಎಷ್ಟೋ ಹೊತ್ತಿನ ಮೇಲೆ ಆಕೆ ಒಪ್ಪಿಗೆಗೆ ಸಹಿ ಹಾಕಿದಳು. ಕಾಗದ ಮರಳಿಸುತ್ತಾ ಕೇಳಿದಳು, "ಆ ದಿನ ಇವನ ಹತ್ತಿರ ಇದ್ದ ನರ್ಸ್ ಯಾರು?"

ಸುಭದ್ರಾ ತಲೆ ತಗ್ಗಿಸಿದಳು. ಅದನ್ನು ಹೇಳುವುದು ಆಕೆಯ ಪಾಲಿನ ಕೆಲಸವಾಗಿರಲಿಲ್ಲ.

"ನಾನು" ಎಂದಳು, ಗೋಡೆಗೆ ಒರಗಿ ನಿಂತಿದ್ದ ಮಾರಿಟ್.

ಮುದುಕಿ ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕ್ಷಮಿಸಿದೆ ಎನ್ನಲಿಲ್ಲ. ಆಚೆ ಹೋಗು ಎಂದೂ ಅನ್ನಲಿಲ್ಲ. ಮಂಚದ ಆ ಬದಿಯಲ್ಲಿದ್ದ ಖಾಲಿ ಕುರ್ಚಿಯನ್ನು ಗಲ್ಲದಿಂದ ತೋರಿಸಿ, "ಅಲ್ಲಿ ಕೂತುಕೋ" ಎಂದಳು. "ಇನ್ನೊಂದು ಕೈ ಹಿಡಿದುಕೋ."

ಎರಡು ಗಂಟೆ ನಲವತ್ತಕ್ಕೆ ಸುಭದ್ರಾ ಗಾಜಿನಾಚೆ ಇದ್ದ ಯೋಹಾನನ ಕಡೆ ನೋಡಿ ತಲೆಯಾಡಿಸಿದಳು. ಕೆಂಪು ಗೆರೆ ನಿಧಾನವಾಗಿ ತಗ್ಗಿ ನಿಂತಿತು. ಕಣ್ಣುರೆಪ್ಪೆಗಳನ್ನು ಆಕೆ ಮೆತ್ತಗೆ ಮುಚ್ಚಿದಳು, ಗಲ್ಲಕ್ಕೆ ಬಟ್ಟೆ ಕಟ್ಟಿದಳು, ಕಾಲು ನೇರ ಮಾಡಿ ಮೈ ಒರೆಸಿದಳು, ಊರಿನಲ್ಲಿ ಎಷ್ಟು ಜನರಿಗೆ ಮಾಡಿದ್ದಳೋ ಹಾಗೆಯೇ. ಆ ದೇಹ ತಣ್ಣಗಾಗಲು ಮುಕ್ಕಾಲು ಗಂಟೆ ಬೇಕಾಯಿತು. ಅಲ್ಲಿಯವರೆಗೆ ಇಬ್ಬರು ಹೆಂಗಸರೂ ಕೈ ಬಿಡಲಿಲ್ಲ, ಒಬ್ಬರ ಮುಖ ಒಬ್ಬರು ನೋಡಲೂ ಇಲ್ಲ.

ಸುಭದ್ರಾ ಮೇಜಿನ ಹತ್ತಿರ ಹೋಗಿ ಮರಣದ ಹೊತ್ತು ನಮೂದಿಸಲು ಕುಳಿತಳು. ಕಂಪ್ಯೂಟರ್ ಒಪ್ಪಲಿಲ್ಲ. ಈ ಹೆಸರಿನ ಎದುರು ಒಂದು ಮರಣ ಈಗಾಗಲೇ ದಾಖಲಾಗಿದೆ ಎಂದು ಮೂರು ಸಲ ತಿರುಗಿಸಿ ಕಳಿಸಿತು. ಆಕೆ ಒಂದು ಬಿಳಿ ಹಾಳೆ ತೆಗೆದುಕೊಂಡಳು. ಹೊತ್ತು ಬರೆದಳು, ಕಾರಣ ಬರೆದಳು, ಒಂಬತ್ತು ವರ್ಷದ ಹಿಂದೆ ಆರನೆಯ ದಿನ ಕೇಳದೇ ಉಳಿದ ಪ್ರಶ್ನೆಯನ್ನೂ ಬರೆದಳು. ಕೆಳಗೆ ತನ್ನ ಹೆಸರು ಬರೆದು, ಅದರ ಮುಂದೆ ಆ ನಾಡಿನ ಭಾಷೆಯಲ್ಲಿ 'ನರ್ಸ್' ಎಂದು ಮೊದಲ ಸಲ ಬರೆದಳು. ಕೈಬರಹ ನೆಟ್ಟಗೇ ಬಂತು.